ಮನೆಗೊಂದು ಪುಟ್ಟ ಕಂಪ್ಯೂಟರ್: ಬೆಲೆ ನೋಡುವ ಮುನ್ನ ವ್ಯಾಟ್ ಲೆಕ್ಕ ನೋಡಿ

ಬೇಗೂರು: ಟಿ.ವಿ ಹಿಂದೆ ಮೊಳೆ ಹೊಡೆದು ನೇತು ಹಾಕುವಷ್ಟು ಚಿಕ್ಕ ಕಂಪ್ಯೂಟರ್‌ಗಳು ಈಗ ಸುಲಭವಾಗಿ ಸಿಗುತ್ತಿವೆ. ಸಂಜೆ ಸಿನಿಮಾ ನೋಡಲು, ಹಗಲು ಅಂಗಡಿ ಲೆಕ್ಕ ಬರೆಯಲು, ಮಕ್ಕಳ ಓದಿಗೆ ಒಂದೇ ಪೆಟ್ಟಿಗೆ ಸಾಕು ಅಂತ ಅಂಗಡಿಯವರು ಹೇಳುತ್ತಾರೆ. ಕರೆಂಟು ತುಂಬ ಕಡಿಮೆ ಎಳೆಯುತ್ತೆ ಅನ್ನೋದು ಮುಖ್ಯ ಆಕರ್ಷಣೆ. ಮಾತು ಸುಳ್ಳಲ್ಲ. ಆದರೆ ಆ ಉಳಿತಾಯ ಎಲ್ಲ ಮನೆಗೂ ಒಂದೇ ಅಲ್ಲ. ಕೆಲವರಿಗೆ ಇದರಿಂದ ಇಡೀ ತಿಂಗಳ ಬಿಲ್ ಉಳಿಯಬಹುದು, ಇನ್ನು ಕೆಲವರಿಗೆ ಹಾಕಿದ ದುಡ್ಡು ಇಪ್ಪತ್ತು ವರ್ಷವಾದರೂ ವಾಪಸ್ ಬರದು. ಯಾರಿಗೆ ಯಾವುದು ಸರಿ ಎಂಬ ಪೂರ್ಣ ಮಾಹಿತಿ ಇಲ್ಲಿದೆ.

ಮೊದಲ ಪ್ರಶ್ನೆ: ದಿನಕ್ಕೆ ಎಷ್ಟು ಗಂಟೆ?

ಕಂಪ್ಯೂಟರ್ ಎಷ್ಟು ಕರೆಂಟು ತಿನ್ನುತ್ತೆ ಅನ್ನೋದಕ್ಕಿಂತ ಎಷ್ಟು ಹೊತ್ತು ಆನ್ ಇರುತ್ತೆ ಅನ್ನೋದು ಮುಖ್ಯ. ಒಂದು ಸುಲಭದ ಲೆಕ್ಕ ನೆನಪಿಟ್ಟುಕೊಂಡರೆ ಸಾಕು: 1 ವ್ಯಾಟ್ ಎಳೆಯುವ ಸಾಧನ ಹಗಲು ರಾತ್ರಿ 30 ದಿನ ಆನ್ ಇದ್ದರೆ ಸುಮಾರು 0.72 ಯೂನಿಟ್ ಆಗುತ್ತದೆ.

ಹಳೆಯ ಟವರ್ ಡೆಸ್ಕ್‌ಟಾಪ್, ಮಾನಿಟರ್ ಬಿಟ್ಟು, ಸುಮ್ಮನೆ ಆನ್ ಇದ್ದಾಗಲೇ ಸಾಮಾನ್ಯವಾಗಿ 40ರಿಂದ 70 ವ್ಯಾಟ್ ಎಳೆಯುತ್ತದೆ. 60 ವ್ಯಾಟ್ ಅಂತ ಹಿಡಿದರೆ ತಿಂಗಳಿಗೆ 43 ಯೂನಿಟ್. ಇಂದಿನ ಮಿನಿ ಪಿಸಿ ಸುಮ್ಮನಿದ್ದಾಗ ಎಳೆಯುವುದು 6ರಿಂದ 12 ವ್ಯಾಟ್. 10 ವ್ಯಾಟ್ ಅಂತ ಹಿಡಿದರೆ ತಿಂಗಳಿಗೆ 7 ಯೂನಿಟ್. ಯೂನಿಟ್‌ಗೆ ಸುಮಾರು 6 ರೂ. ಎಂದು ಲೆಕ್ಕ ಹಾಕಿದರೆ ತಿಂಗಳಿಗೆ ಹೆಚ್ಚು ಕಡಿಮೆ 215 ರೂ., ವರ್ಷಕ್ಕೆ ಸುಮಾರು 2,600 ರೂ. ಉಳಿತಾಯ.

ಇದು 24 ಗಂಟೆ ಆನ್ ಇರುವ ಮನೆಯ ಲೆಕ್ಕ. ಫೋಟೋ, ವಿಡಿಯೊ ಇಟ್ಟುಕೊಂಡು ಮನೆಮಂದಿಯ ಮೊಬೈಲ್‌ಗಳಿಗೆಲ್ಲ ಒದಗಿಸುವ ಹೋಮ್ ಸರ್ವರ್, ಸಿಸಿಟಿವಿ ದೃಶ್ಯ ಉಳಿಸುವ ಪೆಟ್ಟಿಗೆ, ದಿನವಿಡೀ ತೆರೆದಿರುವ ಬಿಲ್ಲಿಂಗ್ ಕೌಂಟರ್ ಇಂಥವು ಈ ಸಾಲಿಗೆ ಬರುತ್ತವೆ.

ದಿನಕ್ಕೆ 4 ಗಂಟೆ ಮಾತ್ರ ಬಳಸುವ ಮನೆಯ ಕಥೆಯೇ ಬೇರೆ. ಅಲ್ಲಿ ಹಳೆಯ ಡೆಸ್ಕ್‌ಟಾಪ್ ತಿಂಗಳಿಗೆ 7.2 ಯೂನಿಟ್, ಮಿನಿ ಪಿಸಿ 1.2 ಯೂನಿಟ್ ಬಳಸುತ್ತದೆ. ವ್ಯತ್ಯಾಸ 6 ಯೂನಿಟ್, ಅಂದರೆ 36 ರೂ. ಇಷ್ಟಕ್ಕೋಸ್ಕರ 12 ಸಾವಿರ ಕೊಟ್ಟು ಹೊಸ ಯಂತ್ರ ತಂದರೆ, ಕರೆಂಟು ಉಳಿತಾಯದಿಂದ ಆ ದುಡ್ಡು ಹುಟ್ಟಲು 27 ವರ್ಷಕ್ಕೂ ಹೆಚ್ಚು ಬೇಕು. ಅಂಥವರು ಜಾಗ ಉಳಿಸಲು, ಸದ್ದು ತಪ್ಪಿಸಲು, ಹಳೆಯದು ಕೆಟ್ಟಿತು ಅಂತ ಕೊಂಡರೆ ಸರಿ. ಬಿಲ್ ಉಳಿಯುತ್ತೆ ಅಂತ ಕೊಂಡರೆ ಪ್ರಯೋಜನವಿಲ್ಲ.

ಗೃಹಜ್ಯೋತಿ ಇದ್ದವರು ಇದನ್ನು ಓದಲೇಬೇಕು

2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ಉಚಿತ ಅಂತ ಬಾಯಿಮಾತಲ್ಲಿ ಹೇಳುತ್ತಾರೆ. ನಿಯಮ ಸ್ವಲ್ಪ ಬೇರೆ. 2022–23ರಲ್ಲಿ ಆ ಮನೆ ಬಳಸಿದ ಸರಾಸರಿಗೆ ಸಾಮಾನ್ಯವಾಗಿ ಶೇ 10 ಸೇರಿಸಿ ಬರುವಷ್ಟು ಯೂನಿಟ್ ಮಾತ್ರ ಉಚಿತ. ಆ ಮಿತಿ ಮೀರಿದರೆ, 200ರ ಒಳಗಿರುವ ತನಕ, ಹೆಚ್ಚುವರಿ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದರೆ ಆ ತಿಂಗಳ ಇಡೀ ಬಿಲ್ ಕಟ್ಟಬೇಕು.

ಕಂಪ್ಯೂಟರ್‌ನ ವ್ಯಾಟ್ ಇಲ್ಲಿಯೇ ಕೆಲಸಕ್ಕೆ ಬರುವುದು. ಉದಾಹರಣೆಗೆ, ಸರಾಸರಿ 160 ಯೂನಿಟ್ ಇದ್ದ ಮನೆಯ ಉಚಿತ ಮಿತಿ 176. ಆ ಮನೆಯ ಈಗಿನ ಬಳಕೆ 165 ಯೂನಿಟ್ ಅಂತಿಟ್ಟುಕೊಳ್ಳಿ. ಬಿಲ್ ಸೊನ್ನೆ. ಮೂಲೆಯಲ್ಲಿದ್ದ ಹಳೆಯ ಡೆಸ್ಕ್‌ಟಾಪನ್ನು ಸಿನಿಮಾ ಸರ್ವರ್ ಮಾಡಿ ಹಗಲು ರಾತ್ರಿ ಆನ್ ಇಟ್ಟರೆ 165ಕ್ಕೆ 43 ಸೇರಿ 208. ಈಗ ಉಚಿತ ಹೋಯಿತು. ಯೂನಿಟ್ ಲೆಕ್ಕದಲ್ಲೇ ಸುಮಾರು 1,250 ರೂ., ನಿಗದಿತ ಶುಲ್ಕ, ತೆರಿಗೆ ಬೇರೆ. ಅದೇ ಕೆಲಸವನ್ನು 10 ವ್ಯಾಟ್‌ನ ಪೆಟ್ಟಿಗೆ ಮಾಡಿದರೆ ಒಟ್ಟು 172 ಯೂನಿಟ್. ಬಿಲ್ ಸೊನ್ನೆಯೇ.

ಬೇಗೂರು, ಹೊಂಗಸಂದ್ರ, ಯಲೇನಹಳ್ಳಿ ಸುತ್ತ ಹೊಸದಾಗಿ ಎದ್ದ ಕಟ್ಟಡಗಳಲ್ಲಿ ಇರುವವರಿಗೆ ಇನ್ನೊಂದು ವಿಷಯ. ಹಳೆಯ ಬಳಕೆಯ ದಾಖಲೆ ಇಲ್ಲದ ಮನೆಗೆ ರಾಜ್ಯದ ಸರಾಸರಿ 53 ಯೂನಿಟ್‌ಗೆ ಶೇ 10 ಸೇರಿಸಿ 58 ಯೂನಿಟ್ ಉಚಿತ ಎಂದು ಯೋಜನೆ ಶುರುವಾದಾಗ ನಿಗದಿ ಮಾಡಲಾಗಿತ್ತು. ಇಂಥ ಮನೆಯಲ್ಲಿ ಮಿತಿ ಬೇಗ ಮುಗಿಯುತ್ತದೆ. ಆಮೇಲಿನ ಪ್ರತಿ ಯೂನಿಟ್‌ಗೂ ಜೇಬಿನಿಂದಲೇ ಕೊಡಬೇಕು. ನಿಮ್ಮ ಮನೆಯ ಮಿತಿ ಎಷ್ಟು ಎಂಬುದು ಬೆಸ್ಕಾಂ ಬಿಲ್‌ನಲ್ಲೇ ಇರುತ್ತದೆ. ಗೊತ್ತಾಗದಿದ್ದರೆ 1912ಕ್ಕೆ ಕರೆ ಮಾಡಿ ಕೇಳಬಹುದು.

ಮಾಲೀಕರು ಸಬ್ ಮೀಟರ್ ಹಾಕಿ ಯೂನಿಟ್‌ಗೆ ಇಷ್ಟು ಅಂತ ವಸೂಲಿ ಮಾಡುವ ಬಾಡಿಗೆ ಮನೆಯಲ್ಲಿ 6 ರೂ. ಬದಲು ಅವರು ಹಾಕುವ ದರವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಈಗಿರುವ ಕಂಪ್ಯೂಟರ್ ಎಷ್ಟು ತಿನ್ನುತ್ತಿದೆ? ಮೀಟರ್‌ನಲ್ಲೇ ನೋಡಬಹುದು

ಪ್ಲಗ್‌ಗೆ ಸಿಕ್ಕಿಸುವ ಎನರ್ಜಿ ಮೀಟರ್ ಇದ್ದರೆ ಸುಲಭ. ಇಲ್ಲದಿದ್ದರೂ ಪರವಾಗಿಲ್ಲ. ಮನೆಯ ಡಿಜಿಟಲ್ ಮೀಟರ್‌ನಲ್ಲಿ ಮಿನುಗುವ ಕೆಂಪು ದೀಪ ಇರುತ್ತದೆ. ಒಂದು ಯೂನಿಟ್‌ಗೆ ಎಷ್ಟು ಸಲ ಮಿನುಗುತ್ತದೆ ಎಂಬುದನ್ನು ಮೀಟರ್ ಮೇಲೆಯೇ ಮುದ್ರಿಸಿರುತ್ತಾರೆ. 1600, 3200, 6400 ಹೀಗೆ ಮೀಟರ್‌ನಿಂದ ಮೀಟರ್‌ಗೆ ಬೇರೆ ಇರಬಹುದು.

ಮಾಡಬೇಕಾದ್ದು ಇಷ್ಟೇ: ಫ್ರಿಜ್, ಫ್ಯಾನ್, ವೈಫೈ ರೂಟರ್ ಸೇರಿ ಎಲ್ಲ ಆಫ್ ಮಾಡಿ. ಕಂಪ್ಯೂಟರ್ ಪೆಟ್ಟಿಗೆ ಮಾತ್ರ ಆನ್ ಇರಲಿ, ಮಾನಿಟರ್ ಕೂಡ ಆಫ್. ಯುಪಿಎಸ್ ಇದ್ದರೆ ಅದನ್ನು ತಪ್ಪಿಸಿ ನೇರ ಸಾಕೆಟ್‌ಗೆ ಹಾಕಿ, ಇನ್ವರ್ಟರ್ ಚಾರ್ಜ್ ಆಗುತ್ತಿರಬಾರದು. ಹತ್ತು ನಿಮಿಷ ಎಷ್ಟು ಸಲ ಮಿನುಗಿತು ಅಂತ ಎಣಿಸಿ. 3200 ಎಂದು ಬರೆದಿರುವ ಮೀಟರ್‌ನಲ್ಲಿ 32 ಸಲ ಮಿನುಗಿದರೆ 60 ವ್ಯಾಟ್. 5 ಸಲ ಮಿನುಗಿದರೆ 10 ವ್ಯಾಟ್‌ಗಿಂತ ಸ್ವಲ್ಪ ಕಡಿಮೆ. ಬೇರೆ ಸಂಖ್ಯೆ ಇದ್ದರೆ: ಎಣಿಸಿದ ಸಂಖ್ಯೆಯನ್ನು 6000ದಿಂದ ಗುಣಿಸಿ, ಮೀಟರ್ ಮೇಲಿನ ಸಂಖ್ಯೆಯಿಂದ ಭಾಗಿಸಿ. ಬರುವುದೇ ವ್ಯಾಟ್.

‘6 ವ್ಯಾಟ್ ಪಿಸಿ’ ಅಂದರೆ ಏನು?

ಜಾಹೀರಾತಿನಲ್ಲಿ ಕಾಣುವ 6 ವ್ಯಾಟ್, 15 ವ್ಯಾಟ್, 35 ವ್ಯಾಟ್ ಎಂಬ ಅಂಕಿ ಸಾಮಾನ್ಯವಾಗಿ ಪ್ರೊಸೆಸರ್‌ನದು, ಇಡೀ ಯಂತ್ರದ್ದಲ್ಲ. ಮೆಮೊರಿ, ಎಸ್‌ಎಸ್‌ಡಿ, ವೈಫೈ, ಫ್ಯಾನ್, ಅಡಾಪ್ಟರ್‌ನಲ್ಲಿ ಬಿಸಿಯಾಗಿ ಹೋಗುವ ಕರೆಂಟು ಎಲ್ಲ ಸೇರಬೇಕು. ‘6 ವ್ಯಾಟ್’ ಪ್ರೊಸೆಸರ್ ಇರುವ ಪೆಟ್ಟಿಗೆ ಕೆಲಸ ಜೋರಾದಾಗ ಗೋಡೆಯಿಂದ 15ರಿಂದ 25 ವ್ಯಾಟ್ ಎಳೆಯಬಹುದು. ಅಡಾಪ್ಟರ್ ಮೇಲೆ 36 ಅಥವಾ 65 ವ್ಯಾಟ್ ಎಂದು ಬರೆದಿದ್ದರೆ ಗಾಬರಿ ಬೇಡ, ಅದು ಅಡಾಪ್ಟರ್ ಕೊಡಬಲ್ಲ ಗರಿಷ್ಠ, ಯಂತ್ರ ಸದಾ ತಿನ್ನುವುದಲ್ಲ.

ಮನೆಯ ಕಂಪ್ಯೂಟರ್ ದಿನದ ಬಹುಪಾಲು ಹೊತ್ತು ಸುಮ್ಮನೆ ಕಾಯುತ್ತಿರುತ್ತದೆ. ಆದ್ದರಿಂದ ನೋಡಬೇಕಾದ್ದು ಸುಮ್ಮನಿದ್ದಾಗಿನ ವ್ಯಾಟ್. ಹೊರಗಿನ ಹಾರ್ಡ್ ಡಿಸ್ಕ್ ಹಾಕುವವರು ಅದನ್ನೂ ಸೇರಿಸಿಕೊಳ್ಳಿ. ದೊಡ್ಡ 3.5 ಇಂಚಿನ ಡಿಸ್ಕ್ ತಿರುಗುತ್ತಿದ್ದರೆ ಒಂದಕ್ಕೇ 5ರಿಂದ 8 ವ್ಯಾಟ್. ಎರಡು ಡಿಸ್ಕ್ ಹಾಕಿದರೆ ಡಿಸ್ಕೇ ಕಂಪ್ಯೂಟರ್‌ಗಿಂತ ಹೆಚ್ಚು ತಿನ್ನುತ್ತದೆ.

ಮಾರುಕಟ್ಟೆಯಲ್ಲಿ ಏನೇನಿದೆ?

1. ಇಂಟೆಲ್ ಎನ್ ಸರಣಿಯ ಮಿನಿ ಪಿಸಿ

2023ರಲ್ಲಿ ಬಂದ ಎನ್‌100, ಅದರ ನಂತರದ ಎನ್‌150 ಪ್ರೊಸೆಸರ್ ಇರುವ ಚಿಕ್ಕ ಪೆಟ್ಟಿಗೆಗಳು ಇವು. ನಾಲ್ಕು ಕೋರ್, ಪ್ರೊಸೆಸರ್‌ಗೆ 6 ವ್ಯಾಟ್. ಬ್ರೌಸರ್, ವರ್ಡ್, ಎಕ್ಸೆಲ್, ಬಿಲ್ಲಿಂಗ್, ವಿಡಿಯೊ ಕರೆ, 4ಕೆ ವಿಡಿಯೊ ಎಲ್ಲಕ್ಕೂ ಸಾಲುತ್ತದೆ. ಯೂಟ್ಯೂಬ್ ಬಳಸುವ ಎವಿ1 ಸೇರಿ ಈಗಿನ ವಿಡಿಯೊ ಮಾದರಿಗಳನ್ನು ಹಾರ್ಡ್‌ವೇರ್‌ನಲ್ಲೇ ಬಿಡಿಸುವುದರಿಂದ ಸಿನಿಮಾ ನೋಡುವಾಗಲೂ ಬಿಸಿಯಾಗುವುದು ಕಡಿಮೆ. ಸಾಮಾನ್ಯ ವಿಂಡೋಸ್ ನಡೆಯುತ್ತದೆ ಎಂಬುದು ದೊಡ್ಡ ಅನುಕೂಲ.

ಎಚ್ಚರಿಕೆ: ತೀರಾ ಅಗ್ಗದ ಕೆಲವು ಪೆಟ್ಟಿಗೆಗಳಲ್ಲಿ ಎಸ್‌ಎಸ್‌ಡಿ ಬದಲು ಬೋರ್ಡ್‌ಗೇ ಬೆಸೆದ 64 ಅಥವಾ 128 ಜಿಬಿಯ ಇಎಂಎಂಸಿ ಇರುತ್ತದೆ. ನಿಧಾನ, ಕೆಟ್ಟರೆ ಬದಲಿಸಲಾಗದು. ಕನಿಷ್ಠ 8 ಜಿಬಿ ಮೆಮೊರಿ, 256 ಜಿಬಿ ಎಸ್‌ಎಸ್‌ಡಿ ಇರಲಿ. ದೊಡ್ಡ ವಿಡಿಯೊ ಎಡಿಟಿಂಗ್, ಗೇಮ್ ಇದರಿಂದ ಆಗದು.

2. ಸೆಕೆಂಡ್ ಹ್ಯಾಂಡ್ ಆಫೀಸ್ ಮಿನಿ

ಲೆನೊವೊ ಥಿಂಕ್‌ಸೆಂಟರ್ ಟೈನಿ, ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೊ, ಎಚ್‌ಪಿ ಎಲೀಟ್‌ಡೆಸ್ಕ್ ಮಿನಿ: ದಪ್ಪ ಪುಸ್ತಕದಷ್ಟು ಗಾತ್ರ. ಕಂಪನಿಗಳು ಕೆಲವು ವರ್ಷ ಬಳಸಿ ಬದಲಾಯಿಸಿದ ಮೇಲೆ ಇವು ರಿಫರ್ಬಿಷ್ಡ್ ಅಂಗಡಿಗೆ ಬರುತ್ತವೆ. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಇರುವ ಊರಿನಲ್ಲಿ ಇಂಥ ಮಾಲಿಗೆ ಕೊರತೆ ಇಲ್ಲ. ಗಟ್ಟಿಮುಟ್ಟು, ಬಿಡಿಭಾಗ ಸಿಗುತ್ತವೆ, ಮೆಮೊರಿ, ಡಿಸ್ಕ್ ಬದಲಿಸುವುದು ಸುಲಭ. ಸುಮ್ಮನಿದ್ದಾಗ 8ರಿಂದ 15 ವ್ಯಾಟ್ ಎಳೆಯುತ್ತವೆ, ಎನ್ ಸರಣಿಗಿಂತ ಸ್ವಲ್ಪ ಜಾಸ್ತಿ, ವೇಗವೂ ಜಾಸ್ತಿ.

ಇಲ್ಲಿ ನೋಡಲೇಬೇಕಾದ್ದು ಪ್ರೊಸೆಸರ್‌ನ ತಲೆಮಾರು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಬಹುತೇಕ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದು, ಜತೆಗೆ ಟಿಪಿಎಂ 2.0 ಬೇಕು. ‘ಐ7 ಇದೆ ಸರ್, ಸಖತ್ ಫಾಸ್ಟು’ ಅಂತ 4ನೇ ಅಥವಾ 6ನೇ ತಲೆಮಾರಿನ ಯಂತ್ರ ತೋರಿಸಿದರೆ ಮರುಳಾಗಬೇಡಿ. ಐ5–6500 ಅಂದರೆ 6ನೇ ತಲೆಮಾರು, ಐ5–8500 ಅಂದರೆ 8ನೇದು. ಗೆರೆಯ ನಂತರದ ಮೊದಲ ಅಂಕಿ ನೋಡಿದರೆ ಗೊತ್ತಾಗುತ್ತದೆ. 10ನೇ ತಲೆಮಾರಿನಿಂದ ಆಚೆಗೆ ಮೊದಲ ಎರಡು ಅಂಕಿ.

3. ರಾಸ್ಪ್‌ಬೆರಿ ಪೈ

2023ರ ಕೊನೆಯಲ್ಲಿ ಬಂದ ಪೈ 5 ಸುಮ್ಮನಿದ್ದಾಗ 3–4 ವ್ಯಾಟ್‌ನಲ್ಲೇ ಕಾಲ ಹಾಕುತ್ತದೆ. ಕರೆಂಟು ಲೆಕ್ಕದಲ್ಲಿ ಇದನ್ನು ಸೋಲಿಸುವುದು ಕಷ್ಟ. ಫೋಟೋ ಸರ್ವರ್, ಜಾಹೀರಾತು ತಡೆಯುವ ಪೆಟ್ಟಿಗೆ, ಮಕ್ಕಳ ಪ್ರೋಗ್ರಾಮಿಂಗ್ ಕಲಿಕೆಗೆ ಚೆನ್ನ.

ಆದರೆ ಬರಿಯ ಬೋರ್ಡಿನ ಬೆಲೆ ನೋಡಿ ಅಗ್ಗ ಅಂದುಕೊಳ್ಳಬಾರದು. ಪೆಟ್ಟಿಗೆ, 27 ವ್ಯಾಟ್‌ನ ಸರಿಯಾದ ಅಡಾಪ್ಟರ್, ತಂಪು ಮಾಡುವ ಫ್ಯಾನ್, ಮೈಕ್ರೊ ಎಚ್‌ಡಿಎಂಐ ಕೇಬಲ್, ಮೆಮೊರಿ ಕಾರ್ಡ್ ಅಥವಾ ಎಸ್‌ಎಸ್‌ಡಿ ಎಲ್ಲ ಬೇರೆ ಬೇರೆ ಕೊಳ್ಳಬೇಕು. ಎಲ್ಲ ಸೇರಿಸಿದರೆ ಮಿನಿ ಪಿಸಿ ಬೆಲೆಯ ಹತ್ತಿರ ಹೋಗಬಹುದು. 4ಕೆಯಲ್ಲಿ ಎಚ್‌ಇವಿಸಿ ಮಾದರಿಯ ಫೈಲ್‌ಗಳನ್ನು ಚೆನ್ನಾಗಿ ನಡೆಸುತ್ತದೆ. ಯೂಟ್ಯೂಬ್‌ನ 4ಕೆಗೆ ಹಾರ್ಡ್‌ವೇರ್ ನೆರವು ಇಲ್ಲ, ತಡವರಿಸುತ್ತದೆ. ಎಆರ್‌ಎಂ ಪ್ರೊಸೆಸರ್ ಆದ್ದರಿಂದ ನಮ್ಮ ಕಡೆಯ ಆಫೀಸ್ ತಂತ್ರಾಂಶಗಳು ನೇರ ನಡೆಯುವುದಿಲ್ಲ.

4. ಕಿಯೊ: ಕರ್ನಾಟಕದ್ದೇ ಪೆಟ್ಟಿಗೆ

ರಾಜ್ಯ ಸರ್ಕಾರದ ಕಿಯೋನಿಕ್ಸ್ ಮೂಲಕ ರೂಪುಗೊಂಡ ‘ಕಿಯೊ’ ಎಂಬ ಚಿಕ್ಕ ಕಂಪ್ಯೂಟರನ್ನು 2025ರ ನವೆಂಬರ್‌ನಲ್ಲಿ ಬೆಂಗಳೂರು ಟೆಕ್ ಸಮ್ಮಿಟ್‌ನಲ್ಲಿ ಬಿಡುಗಡೆ ಮಾಡಲಾಯಿತು. ಆಗ ಘೋಷಿಸಿದ ಬೆಲೆ 18,999 ರೂ. ಮುಕ್ತ ವಿನ್ಯಾಸದ ರಿಸ್ಕ್–ವಿ ಪ್ರೊಸೆಸರ್, ಲಿನಕ್ಸ್ ಆಧಾರಿತ ವ್ಯವಸ್ಥೆ, ಎಚ್‌ಡಿಎಂಐ, ವೈಫೈ, 4ಜಿ ಸಂಪರ್ಕ, ಇಂಟರ್‌ನೆಟ್ ಇಲ್ಲದೆಯೂ ನಡೆಯುವ ಎಐ ನೆರವು ಇದರ ಗುರುತು. ವಿದ್ಯಾರ್ಥಿಗಳು, ಸಣ್ಣ ಉದ್ಯಮಿಗಳು ಇದರ ಗುರಿ.

ಎಲ್ಲರಿಗೂ ಎಟುಕುವ ಕಂಪ್ಯೂಟರ್ ಮಾಡಬೇಕೆಂಬ ಪ್ರಯತ್ನ ಬೆಂಗಳೂರಿಗೆ ಹೊಸತೇನಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್‌ನ ಎಂಜಿನಿಯರ್‌ಗಳು ಸೇರಿ 2001ರಲ್ಲೇ ಕೈಯಲ್ಲಿ ಹಿಡಿಯುವ ‘ಸಿಂಪ್ಯೂಟರ್’ ತೋರಿಸಿದ್ದರು. ಅದೂ ಲಿನಕ್ಸ್ ಮೇಲೆಯೇ ನಡೆಯುತ್ತಿತ್ತು. ಜನರ ಕೈಗೆ ದೊಡ್ಡ ಪ್ರಮಾಣದಲ್ಲಿ ತಲುಪಲಿಲ್ಲ.

ಕಿಯೊ ಕೊಳ್ಳುವವರು ಒಂದು ಮಾತು ತಿಳಿದಿರಬೇಕು: ರಿಸ್ಕ್–ವಿ ಯಂತ್ರಕ್ಕೆ ಸಾಮಾನ್ಯ ವಿಂಡೋಸ್ ಹಾಕಲಾಗದು. ಬ್ರೌಸರ್, ಲಿಬ್ರೆಆಫೀಸ್, ಓದು, ಕೋಡಿಂಗ್ ಇದ್ದರೆ ಯೋಚಿಸಬಹುದು. ಟ್ಯಾಲಿ ಬೇಕಾದ ಅಂಗಡಿಗೆ ಇದು ಹೊಂದದು.

5. ಮ್ಯಾಕ್ ಮಿನಿ

2024ರ ಕೊನೆಯಲ್ಲಿ ಬಂದ ಎಂ4 ಮಾದರಿ ಸುಮ್ಮನಿದ್ದಾಗ ಸುಮಾರು 4 ವ್ಯಾಟ್ ಮಾತ್ರ ಎಳೆಯುತ್ತದೆ. ಸದ್ದಿಲ್ಲ, ವೇಗ ಬೇಕಾದಷ್ಟು. ಭಾರತದಲ್ಲಿ ಬಿಡುಗಡೆಯಾದಾಗಿನ ಆರಂಭಿಕ ಬೆಲೆ 59,900 ರೂ. ವಿಡಿಯೊ ಎಡಿಟಿಂಗ್, ಸಾಫ್ಟ್‌ವೇರ್ ಕೆಲಸ ಮಾಡುವವರಿಗೆ ಸರಿ. ಸಿನಿಮಾ ಮತ್ತು ಬಿಲ್ಲಿಂಗ್‌ಗೆ ಇದು ಜಾಸ್ತಿಯಾಯಿತು.

ಸಿನಿಮಾ ನೋಡಲು ಮಾತ್ರವೇ? ಹಾಗಾದರೆ ನಿಲ್ಲಿ

ಓಟಿಟಿ ಮತ್ತು ಯೂಟ್ಯೂಬ್ ನೋಡುವುದಷ್ಟೇ ಉದ್ದೇಶವಾದರೆ ಕಂಪ್ಯೂಟರ್ ಬೇಕಿಲ್ಲ. ಟಿ.ವಿಗೆ ಸಿಕ್ಕಿಸುವ ಸ್ಟಿಕ್ ಸಾಕು. ಬೆಲೆ ಕಡಿಮೆ, ರಿಮೋಟ್ ಸಿಗುತ್ತೆ, ಕೆಲವೇ ವ್ಯಾಟ್. ಅಷ್ಟೇ ಅಲ್ಲ, ಓಟಿಟಿ ಕಂಪನಿಗಳು ನಕಲು ತಡೆಯಲು ಹಾಕಿರುವ ಬೀಗದಿಂದಾಗಿ ಲಿನಕ್ಸ್ ಬ್ರೌಸರ್‌ನಲ್ಲಿ ಹೆಚ್ಚಿನವು 4ಕೆ ಕೊಡುವುದಿಲ್ಲ. ವಿಂಡೋಸ್‌ನಲ್ಲೂ ಬ್ರೌಸರ್, ಕೇಬಲ್, ಟಿ.ವಿ ಎಲ್ಲ ಹೊಂದಿದರೆ ಮಾತ್ರ ಸಿಗುತ್ತದೆ. ಹಣ ಕೊಟ್ಟು ತಂದ ಮಿನಿ ಪಿಸಿಗಿಂತ ಅಗ್ಗದ ಸ್ಟಿಕ್‌ನಲ್ಲೇ ಚಿತ್ರ ಚೆನ್ನಾಗಿ ಬರುವುದುಂಟು.

ಮನೆಯಲ್ಲೇ ಇರುವ ಮದುವೆ ವಿಡಿಯೊ, ಮಕ್ಕಳ ಫೋಟೋ, ಹಳೆಯ ಹಾಡುಗಳ ಸಂಗ್ರಹವನ್ನು ಎಲ್ಲ ಕೋಣೆಯಲ್ಲೂ ನೋಡಬೇಕು ಅನ್ನುವವರಿಗೆ ಮಿನಿ ಪಿಸಿ ನಿಜಕ್ಕೂ ಉಪಯೋಗ. ಜೆಲ್ಲಿಫಿನ್, ಕೋಡಿಯಂಥ ಉಚಿತ ತಂತ್ರಾಂಶ ಇವೆ. ಆದರೆ ಫೋಟೋಗಳ ಇನ್ನೊಂದು ಪ್ರತಿ ಬೇರೆ ಡಿಸ್ಕ್‌ನಲ್ಲಿ ಇರಲೇಬೇಕು. ಸರ್ವರ್‌ನಲ್ಲಿದೆ ಅಂದ ಮಾತ್ರಕ್ಕೆ ಭದ್ರವಾಗಿದೆ ಅಂತಲ್ಲ, ಆ ಡಿಸ್ಕ್ ಕೆಟ್ಟರೆ ಎಲ್ಲವೂ ಹೋಯಿತು.

ಆಫೀಸ್ ಕೆಲಸ: ತಂತ್ರಾಂಶ ಮೊದಲು, ಯಂತ್ರ ಆಮೇಲೆ

ಅಂಗಡಿ, ಸಣ್ಣ ಕಾರ್ಖಾನೆ, ಮನೆಯಿಂದಲೇ ಲೆಕ್ಕಪತ್ರ ನೋಡುವವರು ಯಂತ್ರ ಆರಿಸುವ ಮೊದಲು ಈ ಪಟ್ಟಿ ಬರೆದಿಟ್ಟುಕೊಳ್ಳಿ.

• ಟ್ಯಾಲಿ: ಟ್ಯಾಲಿಪ್ರೈಮ್ ವಿಂಡೋಸ್‌ಗಾಗಿ ಮಾಡಿದ್ದು. ಪೈ, ಕಿಯೊ ಇಲ್ಲಿಗೇ ಪಟ್ಟಿಯಿಂದ ಹೊರಗೆ.

• ಡಿಜಿಟಲ್ ಸಹಿಯ ಟೋಕನ್: ಟೆಂಡರ್, ಕಂಪನಿ ಫೈಲಿಂಗ್‌ಗೆ ಬಳಸುವ ಯುಎಸ್‌ಬಿ ಟೋಕನ್‌ಗೆ ಡ್ರೈವರ್ ಬೇಕು. ವಿಂಡೋಸ್‌ಗೆ ಸಿಗುತ್ತದೆ. ಎಆರ್‌ಎಂ, ರಿಸ್ಕ್–ವಿ ಯಂತ್ರಕ್ಕೆ ಸಿಗುವುದು ಕಷ್ಟ.

• ಪ್ರಿಂಟರ್: ಹಳೆಯ ಲೇಸರ್ ಪ್ರಿಂಟರ್, ಬಿಲ್ ಹೊಡೆಯುವ ಥರ್ಮಲ್ ಪ್ರಿಂಟರ್‌ನ ಮಾಡೆಲ್ ನಂಬರ್ ಬರೆದುಕೊಂಡು, ಕೊಳ್ಳಲಿರುವ ಯಂತ್ರಕ್ಕೆ ಡ್ರೈವರ್ ಇದೆಯೇ ಎಂದು ಕಂಪನಿಯ ತಾಣದಲ್ಲೇ ನೋಡಿ. ‘ಎಲ್ಲಾ ವರ್ಕ್ ಆಗತ್ತೆ’ ಎಂಬ ಬಾಯಿಮಾತು ಸಾಲದು.

• ಕನ್ನಡ: ವಿಂಡೋಸ್ 11ರಲ್ಲಿ ಕನ್ನಡ ಫೋನೆಟಿಕ್ ಕೀಲಿಮಣೆ ಒಳಗೇ ಇದೆ. ಲಿನಕ್ಸ್‌ನಲ್ಲೂ ಐಬಸ್ ಮೂಲಕ ನುಡಿ ಮಾದರಿಯ ಕೀಲಿಮಣೆ ಹಾಕಿಕೊಳ್ಳಬಹುದು. ತೊಂದರೆ ಬರುವುದು ಹಳೆಯ ಫೈಲ್‌ಗಳಿಂದ. ಯುನಿಕೋಡ್‌ಗೆ ಮೊದಲು ನುಡಿ, ಬರಹದ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪತ್ರ, ಕರಾರುಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಫಾಂಟ್ ಹಾಕಿಕೊಳ್ಳಬೇಕು, ಇಲ್ಲವೇ ಯುನಿಕೋಡ್‌ಗೆ ಪರಿವರ್ತಿಸಬೇಕು.

• ಎರಡು ಮಾನಿಟರ್: ಲೆಕ್ಕಪತ್ರದವರಿಗೆ ಬೇಕಾಗುತ್ತದೆ. ಎರಡು ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ಇದೆಯೇ ನೋಡಿ. ಟಿ.ವಿಗೆ 4ಕೆ ಸರಾಗವಾಗಿ ಬರಬೇಕಾದರೆ ಎಚ್‌ಡಿಎಂಐ 2.0 ಅಥವಾ ಅದಕ್ಕಿಂತ ಹೊಸದು ಇರಬೇಕು.

ಐಟಿ ನೌಕರರು ಗಮನಿಸಿ: ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಇದ್ದರೆ ಕಂಪನಿ ಕೆಲಸ ಅದರಲ್ಲೇ ಆಗಬೇಕು. ಮನೆಯ ಮಿನಿ ಪಿಸಿಯಲ್ಲಿ ಕಂಪನಿ ಖಾತೆ ತೆರೆಯಲು ಅನುಮತಿ ಇದೆಯೇ ಎಂದು ಕೇಳಿಕೊಂಡು ಆಮೇಲೆ ದುಡ್ಡು ಹಾಕಿ.

ಕರೆಂಟು ಹೋದಾಗ

ಡೆಸ್ಕ್‌ಟಾಪ್‌ಗೆ ಹಾಕುವ ಸಾಮಾನ್ಯ 600 ವಿಎ ಯುಪಿಎಸ್‌ನಲ್ಲಿ ಇರುವುದು 12 ವೋಲ್ಟ್, 7 ಎಎಚ್ ಬ್ಯಾಟರಿ. ಕಾಗದದ ಮೇಲೆ 84 ವ್ಯಾಟ್ ಅವರ್, ಕೈಗೆ ಸಿಗುವುದು ಅದರ ಅರ್ಧದಷ್ಟು. ಹಳೆಯ ಡೆಸ್ಕ್‌ಟಾಪ್, ಮಾನಿಟರ್ ಸೇರಿ 100 ವ್ಯಾಟ್ ಆದರೆ 20–25 ನಿಮಿಷದಲ್ಲಿ ಮುಗಿಯಿತು. ಮಿನಿ ಪಿಸಿ, ಮಾನಿಟರ್ ಸೇರಿ 35 ವ್ಯಾಟ್ ಆದರೆ ಒಂದು ಗಂಟೆಯ ಹತ್ತಿರ ಬರುತ್ತದೆ. ಬ್ಯಾಟರಿ ಹಳೆಯದಾದಷ್ಟೂ ಇದು ಇಳಿಯುತ್ತದೆ. ಬಿಲ್ ಹೊಡೆಯುವ ಮಧ್ಯೆ ಕರೆಂಟು ಹೋಗಿ ಫೈಲ್ ಕೆಡುವ ತಾಪತ್ರಯ ಇರುವ ಅಂಗಡಿಗೆ ಈ ಅರ್ಧ ಗಂಟೆಯೇ ಬಿಲ್ ಉಳಿತಾಯಕ್ಕಿಂತ ದೊಡ್ಡದು.

ವೈಫೈ ರೂಟರ್‌ಗೆ ಹಾಕುವ ಚಿಕ್ಕ ಡಿಸಿ ಯುಪಿಎಸ್‌ನಿಂದಲೇ ಮಿನಿ ಪಿಸಿ ನಡೆಸಬಹುದೇ? ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ನೋಡಿ. ಎನ್ ಸರಣಿಯ ಹಲವು ಪೆಟ್ಟಿಗೆಗಳು 12 ವೋಲ್ಟ್‌ನವು, ಆಫೀಸ್ ಮಿನಿಗಳು 19–20 ವೋಲ್ಟ್‌ನವು. ವೋಲ್ಟ್ ಒಂದೇ ಇದ್ದರೂ ಯುಪಿಎಸ್ ಕೊಡಬಲ್ಲ ಆಂಪಿಯರ್ ಕಡಿಮೆಯಿದ್ದರೆ ಕೆಲಸದ ಮಧ್ಯೆ ಆಫ್ ಆಗುತ್ತದೆ. ಪಿನ್ ಹೊಂದಿತು ಅಂತ ಬೇರೆ ವೋಲ್ಟಿನದನ್ನು ಸಿಕ್ಕಿಸಿದರೆ ಬೋರ್ಡೇ ಸುಟ್ಟು ಹೋಗಬಹುದು.

ಎಲ್ಲಿ, ಹೇಗೆ ಕೊಳ್ಳುವುದು?

ಕಣ್ಣಾರೆ ನೋಡಿ, ಆನ್ ಮಾಡಿಸಿ ಕೊಳ್ಳುವವರಿಗೆ ಎಸ್.ಪಿ. ರಸ್ತೆಯೇ ಹಳೆಯ ದಾರಿ. 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೊ ಶುರುವಾದ ಮೇಲೆ ಬೇಗೂರಿನವರಿಗೆ ಇದು ಸುಲಭವಾಗಿದೆ. ಹೊಂಗಸಂದ್ರ ಅಥವಾ ಕೂಡ್ಲು ಗೇಟ್‌ನಲ್ಲಿ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಕೆ.ಆರ್. ಮಾರುಕಟ್ಟೆ ಅಥವಾ ಚಿಕ್ಕಪೇಟೆಯಲ್ಲಿ ಇಳಿದು ನಡೆದು ಹೋಗಬಹುದು. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ.

2025ರ ಕೊನೆಯ ತಿಂಗಳುಗಳಿಂದ ಜಗತ್ತಿನಾದ್ಯಂತ ಮೆಮೊರಿ ಬೆಲೆ ಏರಿದೆ. ಎಐ ಡೇಟಾ ಸೆಂಟರ್‌ಗಳ ಬೇಡಿಕೆ ಇದಕ್ಕೆ ಕಾರಣ. ಹಾಗಾಗಿ ‘ಈಗ 4 ಜಿಬಿ ತಗೊಳ್ಳಿ, ಆಮೇಲೆ ಹಾಕಿಸಿಕೊಳ್ಳಿ’ ಎಂಬ ಹಳೆಯ ಸಲಹೆ ಈಗ ದುಬಾರಿ ಬೀಳಬಹುದು. ಬೇಕಾದಷ್ಟು ಮೆಮೊರಿ ಒಳಗೇ ಇರುವ ಯಂತ್ರದ ಬೆಲೆಯನ್ನೂ ಹೋಲಿಸಿ.

ದುಡ್ಡು ಕೊಡುವ ಮುನ್ನ ಇಷ್ಟು ನೋಡಿ:

• ಮೆಮೊರಿ, ಎಸ್‌ಎಸ್‌ಡಿ, ವಿಂಡೋಸ್, ಅಡಾಪ್ಟರ್, ಕೀಬೋರ್ಡ್, ಮೌಸ್: ಯಾವುದು ಬೆಲೆಯಲ್ಲಿ ಸೇರಿದೆ, ಯಾವುದು ಬೇರೆ? ಎರಡು ಅಂಗಡಿಯ ಬೆಲೆ ಹೋಲಿಸುವಾಗ ಒಟ್ಟು ಮೊತ್ತವನ್ನೇ ಹೋಲಿಸಿ.

• ವಿಂಡೋಸ್ ಇದೆ ಅಂದರೆ ಸೆಟ್ಟಿಂಗ್ಸ್‌ನಲ್ಲಿ ಆಕ್ಟಿವೇಷನ್ ಪುಟ ತೆರೆಸಿ ನೋಡಿ. ಲೈಸೆನ್ಸ್ ಯಾವ ಬಗೆಯದು ಅಂತ ಬಿಲ್‌ನಲ್ಲಿ ಬರೆಸಿ.

• ಅಡಾಪ್ಟರ್ ಮತ್ತು ಯಂತ್ರದ ಮೇಲೆ ಬಿಐಎಸ್ ನೋಂದಣಿ ಗುರುತು ಇರಲಿ. ಹಗಲು ರಾತ್ರಿ ಆನ್ ಇರುವ ಸಾಧನಕ್ಕೆ ಕಳಪೆ ಅಡಾಪ್ಟರ್ ಅಪಾಯ.

• ಸೆಕೆಂಡ್ ಹ್ಯಾಂಡ್ ಆದರೆ ಬಯೋಸ್‌ಗೆ ಹಳೆಯ ಕಂಪನಿಯ ಪಾಸ್‌ವರ್ಡ್ ಉಳಿದಿಲ್ಲ ಎಂದು ಅಲ್ಲೇ ತೆರೆಸಿ ಖಚಿತಪಡಿಸಿಕೊಳ್ಳಿ. ಹದಿನೈದು ನಿಮಿಷ ವಿಡಿಯೊ ಓಡಿಸಿ, ಫ್ಯಾನ್ ಸದ್ದು ಕೇಳಿ.

• ಫ್ಯಾನ್ ಇಲ್ಲದ ಪೆಟ್ಟಿಗೆ ಸದ್ದು ಮಾಡದು, ಧೂಳೂ ಎಳೆಯದು. ರಸ್ತೆ ಬದಿಯ ಅಂಗಡಿಗೆ ಒಳ್ಳೆಯದು. ಆದರೆ ಮುಚ್ಚಿದ ಟಿ.ವಿ ಕಪಾಟಿನೊಳಗೆ ಇಡಬಾರದು, ಗಾಳಿ ಬೇಕು.

• ‘ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ತೀನಿ’ ಅಂದರೆ ಒಪ್ಪಬೇಡಿ. ಕಂಪ್ಯೂಟರ್ ಮೇಲೆ ಶೇ 18 ಜಿಎಸ್‌ಟಿ ಇದೆ. ವ್ಯಾಪಾರಕ್ಕೆ ಕೊಳ್ಳುವ, ಸಾಮಾನ್ಯ ಜಿಎಸ್‌ಟಿ ನೋಂದಣಿ ಇರುವವರು ಇದನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು. ಕಾಂಪೊಸಿಷನ್ ಯೋಜನೆಯಲ್ಲಿ ಇರುವವರಿಗೆ ಈ ಸೌಲಭ್ಯ ಇಲ್ಲ. ಬಿಲ್‌ನಲ್ಲಿ ಸೀರಿಯಲ್ ನಂಬರ್ ಇದ್ದರೆ ಮಾತ್ರ ವಾರಂಟಿ ಕೇಳಲು ಆಧಾರ. ಅಂಗಡಿಯವರು ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಯಾರಿಗೆ ಯಾವುದು? ಒಂದೇ ನೋಟದಲ್ಲಿ

• ಓಟಿಟಿ, ಯೂಟ್ಯೂಬ್ ಮಾತ್ರ: ಟಿ.ವಿ ಸ್ಟಿಕ್. ಕಂಪ್ಯೂಟರ್ ಬೇಡ.

• ಸಿನಿಮಾ, ಬ್ರೌಸರ್, ಸಣ್ಣ ಆಫೀಸ್ ಕೆಲಸ, ದಿನವಿಡೀ ಆನ್: ಎನ್‌100 ಅಥವಾ ಎನ್‌150 ಮಿನಿ ಪಿಸಿ, 8 ಜಿಬಿ.

• ಟ್ಯಾಲಿ, ಹತ್ತಾರು ಎಕ್ಸೆಲ್ ಫೈಲ್, ಎರಡು ಮಾನಿಟರ್: 8ನೇ ತಲೆಮಾರು ಅಥವಾ ಹೊಸ ಸೆಕೆಂಡ್ ಹ್ಯಾಂಡ್ ಆಫೀಸ್ ಮಿನಿ, 16 ಜಿಬಿ.

• ಫೋಟೋ ಸರ್ವರ್, ಕಲಿಕೆ, ಕೈಯಾರೆ ಜೋಡಿಸುವ ಆಸಕ್ತಿ: ರಾಸ್ಪ್‌ಬೆರಿ ಪೈ.

• ಓದು, ಕೋಡಿಂಗ್, ವಿಂಡೋಸ್ ಹಂಗಿಲ್ಲ: ಕಿಯೊ ಪರಿಶೀಲಿಸಬಹುದು.

• ದಿನಕ್ಕೆ ಎರಡು ಮೂರು ಗಂಟೆ ಬಳಕೆ, ಹಳೆಯ ಡೆಸ್ಕ್‌ಟಾಪ್ ಇನ್ನೂ ಚೆನ್ನಾಗಿದೆ: ಹೊಸದು ಬೇಡ. ಎಸ್‌ಎಸ್‌ಡಿ ಹಾಕಿಸಿ, ಬಳಸದ ಗ್ರಾಫಿಕ್ಸ್ ಕಾರ್ಡ್ ತೆಗೆಸಿ, ಹದಿನೈದು ನಿಮಿಷಕ್ಕೆ ಸ್ಲೀಪ್ ಆಗುವಂತೆ ಇಡಿ. ವಿಂಡೋಸ್ 11 ಬರದ ಯಂತ್ರಕ್ಕೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಬಹುದು.

ಹೊಸದು ತಂದ ಮೇಲೆ ಹಳೆಯ ಪೆಟ್ಟಿಗೆಯನ್ನು ಗುಜರಿ ಗಾಡಿಗೆ ಹಾಗೇ ಕೊಡಬೇಡಿ. ಮೊದಲು ಡಿಸ್ಕ್ ಬಿಚ್ಚಿಟ್ಟುಕೊಳ್ಳಿ, ಅದರಲ್ಲಿ ಬ್ಯಾಂಕ್ ಪಾಸ್‌ವರ್ಡ್‌ನಿಂದ ಹಿಡಿದು ಆಧಾರ್ ಪ್ರತಿಯವರೆಗೆ ಎಲ್ಲ ಇರುತ್ತದೆ. ಉಳಿದದ್ದನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಇ–ತ್ಯಾಜ್ಯ ಸಂಗ್ರಹಕಾರರಿಗೆ ಕೊಡಿ. ಹೊಸ ಪೆಟ್ಟಿಗೆ ಬಂದ ಮೊದಲ ತಿಂಗಳ ಬೆಸ್ಕಾಂ ಬಿಲ್ ಎತ್ತಿಡಿ. ಹಿಂದಿನ ತಿಂಗಳಿನ ಬಿಲ್ ಜತೆ ಇಟ್ಟು ನೋಡಿದರೆ ಅಂಗಡಿಯವರ ಲೆಕ್ಕ ಸರಿಯೋ ತಪ್ಪೋ ಗೊತ್ತಾಗತ್ತೆ.